ಹೀರೆ ಹೂ ಅರಳುವ ಹೊತ್ತು

ನಾನು ಹುಟ್ಟಿ ಬೆಳೆದದ್ದು ದಾವಣಗೆರೆ ಕಡೆ. ಅಲ್ಲಿ ಬೇಸಿಗೆ ಬಂತೆಂದರೆ ಹಿತ್ತಲಿಗೆ ರಜೆ. ಒಂದು ಕರಿಬೇವು, ಒಂದು ನುಗ್ಗೆ, ಬಚ್ಚಲ ನೀರು ಕುಡಿದು ಬದುಕಿದ ಒಂದು ಬಾಳೆ, ಅಷ್ಟೇ. ತರಕಾರಿ ಮಾತೆಲ್ಲ ಮಳೆ ಬಿದ್ದ ಮೇಲೆ.

ಮದುವೆಯಾಗಿ ಉಡುಪಿ ಕಡೆಗೆ ಬಂದೆ ನೋಡಿ, ಲೆಕ್ಕ ತಲೆಕೆಳಗಾಯಿತು. ಇಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಆ ಮಳೆಗೆ ಹರಿವೆ ಕೊಳೆಯುತ್ತದೆ, ಬಸಳೆ ಎಲೆ ತುಂಬಾ ಚುಕ್ಕಿ ಬೀಳುತ್ತದೆ, ಹಾಕಿದ ಗೊಬ್ಬರ ತೋಡು ಸೇರುತ್ತದೆ. ಮುಳ್ಳುಸೌತೆ, ಬೆಂಡೆಯಂಥ ಕೆಲವು ಗಟ್ಟಿಗರು ಮಳೆಗಾಲದಲ್ಲೂ ನಿಲ್ಲುತ್ತಾರೆ, ನಿಜ. ಆದರೆ ಬುಟ್ಟಿ ತುಂಬಾ ತರಕಾರಿ ಬರುವುದು ಗದ್ದೆ ಕೊಯ್ಲು ಮುಗಿದು ನೆಲ ಒಣಗಿದ ಮೇಲೆ. ಏಣೆಲು, ಅಂದರೆ ಮಳೆಗಾಲದ ಭತ್ತ ತೆಗೆದ ಗದ್ದೆಗೆ ಕೆಲವರು ಉದ್ದು ಹಾಕುತ್ತಾರೆ, ಕೆಲವರು ಸೌತೆ (ಘಟ್ಟದ ಮೇಲಿನವರು ಮಂಗಳೂರು ಸೌತೆ ಅನ್ನುವುದು), ಹರಿವೆ, ಅಲಸಂಡೆ ಮಾಡುತ್ತಾರೆ. ಗದ್ದೆ ಇಲ್ಲದ ನಮ್ಮಂಥವರು ಅದೇ ಕೆಲಸವನ್ನು ಬಾವಿಯ ಹಿಂದೆ, ಬಚ್ಚಲಿನ ಪಕ್ಕದ ಹಿತ್ತಲಲ್ಲಿ ಮಾಡುತ್ತೇವೆ. ಕಲಬುರಗಿ, ರಾಯಚೂರಿನವರು 40 ಡಿಗ್ರಿ ದಾಟಿದ ಬಿಸಿಲಲ್ಲಿ ಬೇಯುವಾಗ ಇಲ್ಲಿ 33, 34ರ ಆಸುಪಾಸು. ಮೈಯೆಲ್ಲ ಬೆವರು, ಆದರೆ ಗಿಡಕ್ಕೆ ಸುಖ. ನೀರೊಂದು ಇದ್ದರೆ ಸಾಕು.

ನಮ್ಮ ಹಿತ್ತಲಿನ ಯಜಮಾನಿ ಅತ್ತೆ. ಅಲ್ಲಿ ಯಾವ ಗಿಡ ಎಲ್ಲಿ ಎಂಬುದಕ್ಕೆ ನನಗೆ ಮೊದಮೊದಲು ತಲೆಬುಡವೇ ಸಿಗಲಿಲ್ಲ. ಪೇಟೆಯ ನರ್ಸರಿಯಲ್ಲಿ ಹೂವಿನ ಗಿಡ ಒಂದು ಕಡೆ, ತರಕಾರಿ ಸಸಿ ಇನ್ನೊಂದು ಕಡೆ ಇಡುತ್ತಾರಲ್ವಾ? ಇಲ್ಲಿ ಹಾಗಿಲ್ಲ. ಬದನೆ ಸಾಲಿನ ತುದಿಗೆ ಗೊಂಡೆ ಹೂ. ಬಸಳೆ ಚಪ್ಪರದ ಕಾಲಿಗೆ ಅಬ್ಬಲಿಗೆ. ಅಲಸಂಡೆಗೆ ಕೋಲು ಊರಿದ ಕಡೆ ಸಂಜೆಮಲ್ಲಿಗೆ ತಾನಾಗಿ ಹುಟ್ಟಿದ್ದರೆ ಅದನ್ನು ಕೀಳುವ ಹಾಗಿಲ್ಲ. ಬಾವಿಕಟ್ಟೆಯ ಪಕ್ಕ ದಾಸವಾಳ, ಅದರ ಬುಡದಲ್ಲೇ ಬೆಂಡೆ. ಈ ಕೊನೆಯ ಜೋಡಿಯನ್ನು ಸುಮ್ನೆ ನಿಂತು ನೋಡಿ. ಬೆಂಡೆ ಹೂವಿಗೂ ದಾಸವಾಳಕ್ಕೂ ಒಂದೇ ಮುಖ. ಎರಡೂ ಒಂದೇ ಕುಟುಂಬದ ಗಿಡಗಳು, ಹತ್ತಿಯೂ ಅದೇ ಮನೆತನ. ಬೆಂಡೆ ಹೂವಿಗೆ ಹಳದಿ ಬಣ್ಣ, ನಡುವೆ ಕಡುಗೆಂಪು ಕಣ್ಣು. ಬೆಳಿಗ್ಗೆ ಅರಳಿ ಸಂಜೆಯೊಳಗೆ ಮುದುಡುವ ಈ ಹೂವನ್ನು ಯಾರೂ ಹೂವೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ದೇವರ ತಟ್ಟೆಗೂ ಇಲ್ಲ, ಮುಡಿಗೂ ಇಲ್ಲ. ತರಕಾರಿಯ ಹೂವಿಗೆ ನಮ್ಮಲ್ಲಿ ಸ್ವಲ್ಪ ಅನ್ಯಾಯವೇ ಆಗಿದೆ.

ನೀರು ಹಾಕುವ ಹೊತ್ತು ಎರಡು. ಬೆಳಕು ಹರಿಯುವ ಮೊದಲು ಶುರುಮಾಡಿ ಬಿಸಿಲು ಏರುವುದರೊಳಗೆ ಮುಗಿಸಬೇಕು, ಮತ್ತೆ ಸೂರ್ಯ ಪಡುಗಡೆ ವಾಲಿದ ಮೇಲೆ. ಏಪ್ರಿಲ್ ಬರುವಷ್ಟರಲ್ಲಿ ಬಾವಿಯ ನೀರು ಕೆಳಗಿಳಿದಿರುತ್ತದೆ. ಪಂಪ್ ಸ್ವಲ್ಪ ಹೊತ್ತು ಓಡಿ ಗಾಳಿ ಎಳೆಯಲು ಶುರುಮಾಡುತ್ತದೆ. ಆಗ ನಿಲ್ಲಿಸಿ, ಒರತೆ ತುಂಬುವವರೆಗೆ ಕಾಯಬೇಕು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲ ನೀರನ್ನು ಹಿಡಿದಿಡುವುದಿಲ್ಲ. ಮೇಲಿಂದ ಕುಡಿದು ಕೆಳಗಿಂದ ಬಿಟ್ಟುಬಿಡುತ್ತದೆ. ಅದಕ್ಕೆ ಬುಡಕ್ಕೆ ತರಗೆಲೆ ದಪ್ಪಗೆ ಹಾಸಬೇಕು. ಸೋರೆ, ಚೀನಿಕಾಯಿ (ನಿಮ್ಮ ಕಡೆಯ ಸಿಹಿಗುಂಬಳ) ಬುಡದಲ್ಲಿ ಅತ್ತೆ ಒಂದೊಂದು ಹಳೆ ಮಣ್ಣಿನ ಮಡಕೆ ಹೂತಿದ್ದಾರೆ. ಅದಕ್ಕೆ ನೀರು ತುಂಬಿ ಮುಚ್ಚಿದರೆ ಮಡಕೆಯ ಮೈಯಿಂದ ಜಿನುಗಿ ಬೇರಿಗೆ ಸಿಗುತ್ತದೆ. ಬಚ್ಚಲ ನೀರಿಗೆ ಬಸಳೆ ಮತ್ತು ಕೆಸು. ಅಕ್ಕಿ ತೊಳೆದ ಅಕ್ಕಚ್ಚು ಮಾತ್ರ ಪಕ್ಕದ ಮನೆಯ ದನಕ್ಕೆ, ಅದರ ಬದಲಿಗೆ ಬುಟ್ಟಿಯಲ್ಲಿ ಹಟ್ಟಿಗೊಬ್ಬರ. ಇದು ಹಳೆಯ ಒಪ್ಪಂದ.

ಮಣ್ಣಿನ ಕೆಲಸವೂ ಸ್ವಲ್ಪ ಇದೆ. ಇಲ್ಲಿಯ ಮಣ್ಣು ಹುಳಿ. ಸುಣ್ಣವೋ ಬೂದಿಯೋ ಬೀಳಲೇಬೇಕು. ಒಣಗಿದ ಸೊಪ್ಪು, ತರಗೆಲೆ, ಮೇಲೆ ಮಣ್ಣು ರಾಶಿ ಹಾಕಿ ನಿಧಾನಕ್ಕೆ ಬೇಯಿಸಿ ಸುಡುಮಣ್ಣು ಮಾಡುವುದು ಈ ಕಡೆಯ ಹಳೆಯ ಕ್ರಮ. ಮಲ್ಲಿಗೆ ಗಿಡಕ್ಕೂ ಅದೇ, ತರಕಾರಿಗೂ ಅದೇ. ಹೊಗೆ ಜಾಸ್ತಿ, ಈಗ ಮನೆಗಳು ಒತ್ತೊತ್ತಾಗಿ ಬಂದಿವೆ, ಹಾಗಾಗಿ ಮಾಡುವವರು ಕಡಿಮೆ. ಹರಿವೆ ಬೀಜ ಚೆಲ್ಲುವಾಗ ಅದಕ್ಕೆ ರವೆ ಬೆರೆಸುತ್ತಾರೆ. ಸಾಸಿವೆಗಿಂತ ಸಣ್ಣ ಬೀಜ, ಇರುವೆ ಸಾಲುಗಟ್ಟಿ ಹೊತ್ತುಕೊಂಡು ಹೋಗುತ್ತದೆ. ರವೆ ಸಿಕ್ಕರೆ ಅದನ್ನೇ ಮೊದಲು ಒಯ್ಯುತ್ತದೆ, ಅಷ್ಟರಲ್ಲಿ ಬೀಜ ಮೊಳೆಯುತ್ತದೆ. ತಿಂಗಳಾಗುವಷ್ಟರಲ್ಲಿ ಸೊಪ್ಪು ಕೀಳಬಹುದು.

ಈಗ ಹೂವಿನ ಹೊತ್ತಿನ ವಿಷಯ. ಇದಕ್ಕಾಗಿಯೇ ಬರೆಯಲು ಕೂತದ್ದು.

ನಾದಿನಿ ಬೆಂಗಳೂರಿನಲ್ಲಿ ಟೆರೇಸ್ ಮೇಲೆ ಚೀಲದಲ್ಲಿ ಹೀರೆ ಹಾಕಿದ್ದಳು. ಬಳ್ಳಿ ಸೊಂಪಾಗಿ ಹಬ್ಬಿತು, ಹೂವೂ ಬಂತು, ಒಂದು ಕಾಯಿಯೂ ನಿಲ್ಲಲಿಲ್ಲ. ಜೇನು ಬರುವುದಿಲ್ಲವೇನೋ ಎಂದು ಯೂಟ್ಯೂಬ್ ನೋಡಿ, ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸಿದಳಂತೆ. ಆದರೂ ಇಲ್ಲ. ಫೋನಿನಲ್ಲಿ ಅಮ್ಮನ ಹತ್ತಿರ ಗೋಳು ಹೇಳಿಕೊಂಡಳು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. “ಎಷ್ಟು ಹೊತ್ತಿಗೆ ಮುಟ್ಟಿಸಿದ್ದು ನೀನು?”

“ಬೆಳಿಗ್ಗೆ ಅಮ್ಮ, ಆಫೀಸಿಗೆ ಹೊರಡುವ ಮೊದಲು.”

“ಬೆಳಿಗ್ಗೆ ಎಂತ ಉಂಟು ಅದರಲ್ಲಿ? ಹೀರೆ ಸಂಜೆ ಅರಳುದು ಮಾರಾಯ್ತಿ!”

ಹೌದು. ಹೀರೆ ಹೂ ಬಿಚ್ಚುವುದು ಸಂಜೆ ಐದರ ನಂತರ. ದಿನವಿಡೀ ಮೊಗ್ಗಾಗಿ ಮುಚ್ಚಿಕೊಂಡಿದ್ದು, ಬಿಸಿಲು ತಗ್ಗಿದ ಮೇಲೆ ಹಳದಿ ಎಸಳು ಬಿಡಿಸುತ್ತದೆ. ರಾತ್ರಿ ಕಳೆದು ಬೆಳಿಗ್ಗೆ ನೀವು ಚಹಾ ಲೋಟ ಹಿಡಿದು ಹೋಗುವಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ. ಸೋರೆಯೂ ಸಂಜೆಯದ್ದೇ. ಬಿಳಿ ಹೂ, ಬಟ್ಟೆಯಷ್ಟು ತೆಳು. ಪಡುವಲವಂತೂ ಕತ್ತಲಾದ ಮೇಲಿನ ಹೂ. ಅದರ ಎಸಳಿನ ಅಂಚು ನೂಲು ಬಿಚ್ಚಿದ ಹಾಗೆ ಎಳೆ ಎಳೆಯಾಗಿ ಹರಡಿರುತ್ತದೆ. ಇಷ್ಟು ಚಂದದ ಕುಸುರಿ ಕೆಲಸವನ್ನು ಯಾರೂ ನೋಡದ ಹೊತ್ತಿಗೆ ಯಾಕೆ ಇಟ್ಟಿತೋ ಅನ್ನಿಸುತ್ತಿತ್ತು ನನಗೆ. ನೋಡುವವರು ಇದ್ದಾರೆ, ನಾವಲ್ಲ ಅಷ್ಟೇ. ಟಾರ್ಚ್ ಹಿಡಿದು ಹೋದರೆ ದೊಡ್ಡ ಪತಂಗಗಳು ಹೂವಿನ ಮುಂದೆ ಕೂರದೆ ಗಾಳಿಯಲ್ಲೇ ನಿಂತು ಉದ್ದ ನಾಲಿಗೆ ಚಾಚುವುದು ಕಾಣುತ್ತದೆ. ಕತ್ತಲಲ್ಲಿ ಚೆನ್ನಾಗಿ ಎದ್ದು ಕಾಣುವುದು ಬಿಳಿ. ಸೋರೆ, ಪಡುವಲದ ಬಿಳುಪಿಗೆ ಅರ್ಥ ಇದೆ.

ಇತ್ತ ಬೆಳಗಿನ ಪಾಳಿಯವರದ್ದು ಬೇರೆ ಗುಂಪು. ಎಲ್ಲರಿಗಿಂತ ಮೊದಲು ಏಳುವುದು ಚೀನಿಕಾಯಿ. ಅದರ ಅಂಗೈಯಗಲದ ಹೂ ಬೆಳಕು ಹರಿಯುವ ಮೊದಲೇ ಬಿರಿದಿರುತ್ತದೆ, ಬಿಸಿಲು ಏರಿದ ಮೇಲೆ ಬಾಡಿ ಬಾಯಿ ಮುಚ್ಚುತ್ತದೆ. ಆಮೇಲೆ ಹಾಗಲ, ಸೌತೆ, ಬೆಂಡೆ. ತುಪ್ಪದ ಹೀರೆಯದ್ದು ಒಂದು ತಮಾಷೆ. ಹೀರೆಯ ಖಾಸಾ ತಂಗಿ, ಎಲೆ ನೋಡಿದರೆ ಗುರುತು ಹಿಡಿಯುವುದು ಕಷ್ಟ. ಆದರೆ ಅಕ್ಕ ಸಂಜೆ ಅರಳಿದರೆ ತಂಗಿ ಬೆಳಿಗ್ಗೆ. ಇವರಿಗೆಲ್ಲ ಜೇನು ಬೇಕು. ನಮ್ಮಲ್ಲಿ ತುಡುವೆ ಜೇನು ಬರುತ್ತದೆ, ಅದಕ್ಕಿಂತ ಜಾಸ್ತಿ ಗೋಡೆಯ ಸಂದಿಯಲ್ಲಿ ಮನೆ ಮಾಡಿಕೊಂಡ ಮುಜಂಟಿ. ನೊಣಕ್ಕಿಂತ ಸಣ್ಣದು, ಕಚ್ಚುವ ಮುಳ್ಳಿಲ್ಲ. ಬೆಳಿಗ್ಗೆ ಸೌತೆ ಹೂವಿನೊಳಗೆ ನಾಲ್ಕೈದು ಸೇರಿ ಹೊರಳಾಡಿ ಹಳದಿ ಬಣ್ಣವಾಗಿ ಹೊರಬರುತ್ತವೆ. ತೊಂಡೆ ಮಾತ್ರ ಯಾರ ಹಂಗಿನಲ್ಲೂ ಇಲ್ಲ. ನಾವು ಕಡ್ಡಿ ಊರಿ ಬೆಳೆಸುವ ತೊಂಡೆಯಲ್ಲಿ ಹೆಣ್ಣು ಗಿಡವೇ ಜಾಸ್ತಿ, ಗಂಡಿನ ಪರಾಗ ಬೀಳದೆಯೂ ಕಾಯಿ ಕಟ್ಟುತ್ತದೆ.

ಅತ್ತೆ ಗಿಡ ನೆಡುವುದು ಈ ಹೊತ್ತು ನೋಡಿ. ಇದು ನನಗೆ ಗೊತ್ತಾದದ್ದು ನಿಧಾನಕ್ಕೆ. ಹೀರೆ, ಪಡುವಲದ ಚಪ್ಪರ ಅಡುಗೆಮನೆಯ ಹಿಂಬಾಗಿಲ ಹತ್ತಿರ. ಯಾಕೆಂದರೆ ಸಂಜೆ ದೀಪ ಹಚ್ಚಿದ ಮೇಲೆ ಅವರು ದೂರ ಹೋಗುವುದಿಲ್ಲ, ಹಾವಿನ ಭಯ. ಬೇಕಾದರೆ ಅಲ್ಲೇ ನಿಂತು ನಾಲ್ಕು ಹೂ ಮುಟ್ಟಿಸಿ ಬರಬಹುದು. ಚೀನಿಕಾಯಿ, ಸೌತೆ ಬಾವಿಯಾಚೆ, ಬೆಳಿಗ್ಗೆ ನೀರಿಗೆ ಹೇಗೂ ಹೋಗಬೇಕಲ್ಲ. ನೀರಿನ ಪೈಪ್ ಒಂದು ಕೈಯಲ್ಲಿ, ಇನ್ನೊಂದು ಕೈ ಹೂವಿನ ಮೇಲೆ. ಹೂವಿನ ಗಿಡ, ತರಕಾರಿ ಗಿಡ ಎಂಬ ಬೇಲಿ ಅವರ ತಲೆಯಲ್ಲಿ ಇಲ್ಲವೇ ಇಲ್ಲ. ಬೆಳಗಿನವರು, ಸಂಜೆಯವರು, ಇಷ್ಟೇ ಜಾತಿ. ಸಂಜೆಮಲ್ಲಿಗೆಯನ್ನು ಕೀಳಲು ಬಿಡದ್ದೂ ಅದಕ್ಕೇ. ಅದು ಬಿರಿಯಲು ಶುರುಮಾಡಿತೆಂದರೆ ಒಳಗೆ ಚಹಾಕ್ಕೆ ನೀರಿಡಬೇಕು, ಚಹಾ ಕುಡಿದು ಹೊರಬಂದರೆ ಹೀರೆ ಅರಳುವ ಹೊತ್ತು. ಗೋಡೆ ಗಡಿಯಾರದ ಬ್ಯಾಟರಿ ಹೋಗಿ ಎಷ್ಟೋ ದಿನ ಹಾಗೇ ಇದ್ದರೂ ನಮ್ಮ ಮನೆಯಲ್ಲಿ ಯಾರಿಗೂ ತೊಂದರೆ ಆಗಿಲ್ಲ.

ಇನ್ನೊಂದು ಗೊಂದಲ ತುಂಬಾ ಜನರಿಗೆ ಇದೆ. “ಹೂ ಬರ್ತಿದೆ, ಉದುರ್ತಿದೆ, ಕಾಯಿ ಇಲ್ಲ.” ಸೋರೆ, ಸೌತೆ, ಚೀನಿಕಾಯಿಯ ಬಳ್ಳಿಗಳಲ್ಲಿ ಮೊದಲು ಬರುವುದು ಗಂಡು ಹೂವೇ. ಬಿಸಿಲು ಜೋರಾದಷ್ಟೂ, ಹಗಲು ಉದ್ದವಾದಷ್ಟೂ ಗಂಡು ಹೂವಿನ ಪಾಲು ಜಾಸ್ತಿ. ಹೆಣ್ಣು ಹೂ ಗುರುತು ಹಿಡಿಯುವುದು ಸುಲಭ, ಅದರ ಬುಡದಲ್ಲಿ ಚಿಕ್ಕ ಕಾಯಿಯೇ ಇರುತ್ತದೆ. ಹಾಗಾಗಿ ಮಾರ್ಚ್‌ನಲ್ಲಿ ಬೀಜ ಹಾಕಿ ಏಪ್ರಿಲ್‌ನ ಹೂ ನೋಡಿ ಗಾಬರಿಯಾಗಬೇಡಿ. ನವೆಂಬರ್, ಡಿಸೆಂಬರ್‌ನಲ್ಲೇ ಹಾಕಿದರೆ ಬಿಸಿಲು ಏರುವಷ್ಟರಲ್ಲಿ ಬಳ್ಳಿ ಕಾಯಿಗೆ ಬಿದ್ದಿರುತ್ತದೆ. ಮಿಕ್ಕ ಗಂಡು ಹೂ ವ್ಯರ್ಥ ಅಲ್ಲ. ಚೀನಿಕಾಯಿಯ ಗಂಡು ಹೂವನ್ನು ಕಡಲೆಹಿಟ್ಟಿಗೆ ಅದ್ದಿ ಪೋಡಿ (ಬಜ್ಜಿ) ಮಾಡಿ ನೋಡಿ. ಬೆಳಿಗ್ಗೆ ಹೂ ಮುಟ್ಟಿಸಿ ಮುಗಿದ ಮೇಲೆ ಕಿತ್ತರೆ ಯಾರಿಗೂ ನಷ್ಟವಿಲ್ಲ. ನೀರುಳ್ಳಿ ಪೋಡಿಗಿಂತ ನನಗೆ ಇದೇ ಮೇಲು.

ಮಲ್ಲಿಗೆಯ ಮಾತು ಬರದೆ ಈ ಊರಿನ ಹಿತ್ತಲು ಮುಗಿಯುವುದಿಲ್ಲ. ಶಂಕರಪುರದ ಸುತ್ತಮುತ್ತ ಮನೆಯಂಗಳದಲ್ಲೇ ಮಲ್ಲಿಗೆ. ಅದಕ್ಕೆ ಉಡುಪಿ ಮಲ್ಲಿಗೆ ಎಂದು ಭೌಗೋಳಿಕ ಗುರುತಿನ (ಜಿಐ ಟ್ಯಾಗ್) ಮಾನ್ಯತೆಯೂ ಇದೆ. ಇಲ್ಲಿ ಅದನ್ನು ಮೊಳದಲ್ಲಿ ಅಳೆಯುವುದಿಲ್ಲ. ಬಾಳೆ ನಾರಿನಲ್ಲಿ ಕಟ್ಟಿದ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ರೇಟು ದಿನದಿನಕ್ಕೂ ಬೇರೆ. ಬೇಸಿಗೆಯಲ್ಲಿ ಹೂ ಧಾರಾಳ, ಆದರೆ ಮದುವೆ, ದೈವಗಳ ಕೋಲ, ನೇಮ ಎಲ್ಲ ಇದೇ ತಿಂಗಳುಗಳಲ್ಲಿ ಬರುವುದರಿಂದ ಕೇಳುವವರೂ ಧಾರಾಳ. ಮಲ್ಲಿಗೆಯ ಹೊತ್ತು ಇನ್ನೂ ವಿಚಿತ್ರ. ಅರಳಿದರೆ ಅದಕ್ಕೆ ಬೆಲೆ ಇಲ್ಲ. ಮುಂಜಾನೆ ಮೊಗ್ಗಿರುವಾಗಲೇ ಬಿಡಿಸಿ, ಕಟ್ಟಿ, ಪೇಟೆಗೆ ಮುಟ್ಟಿಸಬೇಕು. ಅದು ಬಿರಿಯುವುದು ಸಂಜೆ, ಕೊಂಡವರ ಮುಡಿಯಲ್ಲಿ. ಬೆಳೆದವರಿಗೆ ಹೂ ಕಾಣುವುದೇ ಅಪರೂಪ. ಹೂವಿನ ದುಡ್ಡಿನಲ್ಲಿ ಮಕ್ಕಳ ಫೀಸು ಕಟ್ಟಿದ ಹೆಂಗಸರು ಇಲ್ಲಿ ಕೇರಿಗೊಬ್ಬರು ಸಿಗುತ್ತಾರೆ. ನೆಲಗಡಲೆ ಹಿಂಡಿ ನೆನೆಹಾಕಿದ ನೀರು ಅದಕ್ಕೆ ಇಷ್ಟ. ಆ ವಾಸನೆ ಮಾತ್ರ ಮಲ್ಲಿಗೆಯದ್ದಲ್ಲ, ಪಕ್ಕದ ಮನೆಯವರು ಕಿಟಕಿ ಹಾಕುತ್ತಾರೆ.

ನಾನು ಮಲ್ಲಿಗೆ ಜಾಸ್ತಿ ಹಾಕೋಣ ಅನ್ನುವವಳು, ಅತ್ತೆ ಬೇಡ ಅನ್ನುವವರು. ಅವರ ವಾದ ಗಟ್ಟಿ. ಮಲ್ಲಿಗೆ ಹಾಕಿದರೆ ದಿನಾ ಬೆಳಿಗ್ಗೆ ಅದಕ್ಕೇ ಹೋಯಿತು, ಒಂದು ದಿನ ಬಿಟ್ಟರೂ ಹೂ ಅರಳಿ ಹಾಳು. ಹಾಗಾದರೆ ಚೀನಿಕಾಯಿ, ಸೌತೆಯ ಹೊತ್ತು ಯಾರು ನೋಡುವುದು? ಸದ್ಯಕ್ಕೆ ಮಲ್ಲಿಗೆ ಮನೆ ಖರ್ಚಿಗೆ ಸಾಕಾಗುವಷ್ಟೇ ಇದೆ.

ಗುಳ್ಳದ ಬಗ್ಗೆ ಎರಡು ಮಾತು. ಕಟಪಾಡಿ ಹತ್ತಿರದ ಮಟ್ಟು ಊರಿನ ಗುಳ್ಳ ಗೊತ್ತಲ್ಲ, ತಿಳಿಹಸಿರಿನ ಮೇಲೆ ಬಿಳಿ ಗೆರೆಯ ದುಂಡು ಬದನೆ. ಸೋದೆ ಮಠದ ಯತಿ ವಾದಿರಾಜರು ಬೀಜ ಕೊಟ್ಟರು ಎಂಬ ನಂಬಿಕೆ. 2011ರಲ್ಲಿ ಇದಕ್ಕೂ ಭೌಗೋಳಿಕ ಗುರುತು ಸಿಕ್ಕಿದೆ. ಹೊಳೆ ಮತ್ತು ಕಡಲಿನ ನಡುವಿನ ಆ ಮರಳು ಮಣ್ಣಿನ ರುಚಿ ಬೇರೆ ಕಡೆ ಬರುವುದಿಲ್ಲ ಅನ್ನುತ್ತಾರೆ. ಹಿತ್ತಲಲ್ಲಿ ಬೆಳೆದದ್ದು ತಿಂದ ನನಗೂ ಹಾಗೇ ಅನ್ನಿಸಿದೆ. ಮುಳ್ಳು ಮಾತ್ರ ಏನೂ ಕಡಿಮೆ ಇಲ್ಲ.

ಟೊಮೆಟೊ? ಕರಾವಳಿಯ ಬೇಸಿಗೆಗೆ ಅದು ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಏಪ್ರಿಲ್ ರಾತ್ರಿಯೂ 25 ಡಿಗ್ರಿಗಿಂತ ಕೆಳಗೆ ಇಳಿಯುವುದು ಕಡಿಮೆ. ರಾತ್ರಿ ತಂಪಾಗದಿದ್ದರೆ ಟೊಮೆಟೊ ಹೂ ಕಾಯಿ ಕಟ್ಟದೆ ಉದುರುತ್ತದೆ. ಅದಕ್ಕಿಂತ ದೊಡ್ಡ ಶತ್ರು ಮಣ್ಣಿನಲ್ಲಿದೆ. ಬೆಳಿಗ್ಗೆ ನಗುನಗುತ್ತಾ ಇದ್ದ ಗಿಡ ಮಧ್ಯಾಹ್ನ ಜೋತುಬಿದ್ದು, ನೀರು ಹಾಕಿದರೂ ಏಳುವುದಿಲ್ಲ. ಅದು ಬ್ಯಾಕ್ಟೀರಿಯಾ ಸೊರಗು ರೋಗ. ಪರೀಕ್ಷೆ ಸುಲಭ. ಸೊರಗಿದ ಗಿಡದ ಕಾಂಡ ಕತ್ತರಿಸಿ ಗಾಜಿನ ಲೋಟದ ತಿಳಿನೀರಿಗೆ ಇಳಿಬಿಡಿ. ಸ್ವಲ್ಪ ಹೊತ್ತಿಗೆ ಕಾಂಡದಿಂದ ಹಾಲಿನಂಥ ಎಳೆ ಇಳಿದರೆ ಅದೇ ರೋಗ. ಆ ಜಾಗದಲ್ಲಿ ಬದನೆ, ಮೆಣಸು ಕೂಡ ಬೇಡ, ಅದು ಎಲ್ಲರನ್ನೂ ಹಿಡಿಯುತ್ತದೆ. ಹಟ ಇದ್ದವರಿಗೆ ದಾರಿ ಇದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಗೆ ಈ ರೋಗ ತಡೆಯುವ ಗುಣ ಇದೆ. ಬದನೆಯನ್ನು ಅದರ ಕಾಡು ನೆಂಟ ಸುಂಡೆ ಗಿಡದ ಬುಡಕ್ಕೆ ಕಸಿ ಕಟ್ಟುವವರೂ ಇದ್ದಾರೆ. ಆದರೆ ಇಷ್ಟು ತಾಪತ್ರಯ ಯಾಕೆ ಸ್ವಾಮಿ? ಹುಳಿಗೆ ಈ ಊರಲ್ಲಿ ಬರವೇ? ಮಾವಿನಕಾಯಿ ಇದೆ, ಬಿಂಬುಳಿ ಇದೆ, ಪುನರ್ಪುಳಿ ಇದೆ. ನೀರು ಕಡಿಮೆ ಇರುವ ತಿಂಗಳಲ್ಲಿ ಇರುವ ನೀರನ್ನು ಹರಿವೆಗೆ ಹಾಕಿ.

ಕಳ್ಳರ ಕಥೆ ಹೇಳಿದರೆ ಮುಗಿಯದು. ಮಂಗ ಬಂದರೆ ಪಟಾಕಿ, ಆದರೆ ನವಿಲಿಗೆ ಎಂತ ಮಾಡುವುದು? ಈಗ ಅವುಗಳದ್ದೇ ಕಾರುಬಾರು. ಅಲಸಂಡೆಯ ಮೊಗ್ಗು, ಹರಿವೆಯ ಎಳೆ ಸಸಿ ಎರಡೂ ಅವಕ್ಕೆ ಪ್ರೀತಿ. ಮುಟ್ಟುವ ಹಾಗಿಲ್ಲ, ಓಡಿಸಿದರೆ ತೆಂಗಿನ ಮರ ಹತ್ತಿ ಕೂತು ಬೈಯುತ್ತವೆ. ಮೀನಿನ ಹಳೆ ಬಲೆ ಸುತ್ತ ಕಟ್ಟಿ, ಅದರ ಮೇಲೆ ಹಳೆ ಸೀರೆ ಹಾಕುವುದು ಈ ಕಡೆಯ ಬೇಲಿ. ನಮ್ಮ ಹಿತ್ತಲಲ್ಲಿ ನನ್ನ ಧಾರೆ ಸೀರೆಯೊಂದು ಬಿಟ್ಟು ಮಿಕ್ಕ ಎಲ್ಲ ಬಣ್ಣವೂ ಇದೆ.

ಕಾಯಿಯನ್ನು ಚುಚ್ಚುವ ನೊಣ ಅದಕ್ಕಿಂತ ಕೆಟ್ಟದು. ಎಳೆ ಹಾಗಲ, ಹೀರೆಗೆ ಮೊಟ್ಟೆ ಚುಚ್ಚಿ ಹೋಗುತ್ತದೆ, ಕಾಯಿ ಸೊಟ್ಟಗಾಗಿ ಒಳಗೆ ಹುಳ. ತುಳಸಿ ರಸಕ್ಕೆ ಬೆಲ್ಲ ಬೆರೆಸಿ ಬಾಟಲಿಯಲ್ಲಿ ತೂಗುಹಾಕಿ ಎಂದು ಮೊಬೈಲ್‌ನಲ್ಲಿ ಎಲ್ಲರೂ ಹೇಳುತ್ತಾರೆ. ತುಳಸಿಯ ವಾಸನೆಗೆ ಬರುವುದು ಮಾವಿನ ಹಣ್ಣಿನ ನೊಣ. ಬಳ್ಳಿ ತರಕಾರಿಯ ನೊಣ ಬೇರೆ ಜಾತಿ, ಅದಕ್ಕೆ ಬೇರೆ ಮದ್ದಿನ ಬಲೆ ಸಿಗುತ್ತದೆ, ಕ್ಯೂ ಲ್ಯೂರ್ ಎಂದು ಕೇಳಿ ತನ್ನಿ. ಎರಡಕ್ಕೂ ಬೀಳುವುದು ಗಂಡು ನೊಣ ಮಾತ್ರ. ಹಾಗಾಗಿ ಎಳೆಗಾಯಿಗೆ ಪೇಪರ್ ಸುತ್ತುವುದೇ ಖಾತ್ರಿ. ಕೆಟ್ಟು ಬಿದ್ದ ಕಾಯಿಯನ್ನು ಆಳಕ್ಕೆ ಹೂಳಿ, ಹಾಗೇ ಗೊಬ್ಬರದ ಗುಂಡಿಗೆ ಎಸೆದರೆ ಅಲ್ಲೇ ಸಂಸಾರ ಹೂಡುತ್ತದೆ. ಪಡುವಲದ ತುದಿಗೆ ಚಿಕ್ಕ ಕಲ್ಲು ಕಟ್ಟುವುದು ನೊಣಕ್ಕಲ್ಲ, ಕಾಯಿ ನೇರ ಇಳಿಯಲಿ ಎಂದು. ಪೇಟೆಯಿಂದ ಬಂದ ನೆಂಟರ ಮಕ್ಕಳು ಪ್ರತಿ ಸಲ ಅದನ್ನೇ ಕೇಳುತ್ತವೆ.

ಬಿಸುವಿಗೆ, ಅಂದರೆ ಏಪ್ರಿಲ್ ಮಧ್ಯದ ತುಳುವರ ಹೊಸವರ್ಷಕ್ಕೆ, ದೇವರ ಮುಂದೆ ಹಣ್ಣು ತರಕಾರಿಯ ಕಣಿ ಇಡುವಾಗ ಮನೆಯದ್ದೇ ಸೌತೆ ಇರಬೇಕು ಎಂಬುದು ಅತ್ತೆಯ ಹಟ. ಹಳದಿಯಾಗಿ ಬಲಿತದ್ದು. ಆಮೇಲೆ ಬರುವ ಸೌತೆಯೆಲ್ಲ ಮಳೆಗಾಲದ ಖಾತೆಗೆ. ಒಂದೊಂದನ್ನೂ ಬಾಳೆ ನಾರಿನಲ್ಲಿ ಕಟ್ಟಿ ಅಟ್ಟದ ಜಂತಿಗೆ ತೂಗುಹಾಕುತ್ತಾರೆ. ನೆಲಕ್ಕೆ ತಾಗಬಾರದು, ಒಂದಕ್ಕೊಂದು ತಾಗಬಾರದು, ಗಾಳಿಯಾಡಬೇಕು. ಹೀಗೆ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಜುಲೈನ ಮಳೆಯಲ್ಲಿ ಪೇಟೆಗೆ ಹೋಗುವ ಮನಸ್ಸಿಲ್ಲದ ದಿನ ಒಂದನ್ನು ಇಳಿಸಿ ಹುಳಿ ಮಾಡಿದರೆ ಊಟ ಆಯಿತು. ನಾದಿನಿಗೂ ಬಸ್ಸಿನಲ್ಲಿ ಒಂದು ಗೋಣಿಚೀಲ ಹೋಗುತ್ತದೆ. ಅವಳ ಹೀರೆ ಈ ಸಲ ಕಾಯಿ ಹಿಡಿದಿದೆಯಂತೆ. ಆಫೀಸಿನಿಂದ ಬರುವುದು ತಡವಾದ ದಿನ ಪಕ್ಕದ ಫ್ಲಾಟಿನ ಅಜ್ಜಿಗೆ ಹೂ ಮುಟ್ಟಿಸುವ ಕೆಲಸ ವಹಿಸಿದ್ದಾಳೆ.

ಬೀಜಕ್ಕೆ ಬಿಟ್ಟ ಹೀರೆ ಚಪ್ಪರದಲ್ಲೇ ಒಣಗಬೇಕು. ಅಲ್ಲಾಡಿಸಿದರೆ ಗಿಲಗಿಲ ಸದ್ದು ಬರುತ್ತದೆ. ತುದಿಯ ಮುಚ್ಚಳ ತಾನಾಗಿ ಬಿದ್ದುಹೋಗುತ್ತದೆ, ಬುಡ ಮೇಲೆ ಮಾಡಿ ತಟ್ಟಿದರೆ ಬೀಜ ಕೈಗೆ. ಅದಕ್ಕೆ ಬೂದಿ ಸವರಿ ಡಬ್ಬಿಗೆ ಹಾಕಬೇಕು. ಮೊದಲ ಮಳೆ ಬೀಳುವ ಮುಂಚೆ ಈ ಕೆಲಸ ಮುಗಿಯದಿದ್ದರೆ ಬೀಜ ಚಪ್ಪರದಲ್ಲೇ ಕೊಳೆಯುತ್ತದೆ.

ಮೇ ಕೊನೆಯ ವಾರದ ಹೊತ್ತಿಗೆ ಪತ್ತನಾಜೆ. ಕೋಲ, ಯಕ್ಷಗಾನದ ತಿರುಗಾಟ ಎಲ್ಲ ಮುಗಿಯುತ್ತದೆ, ಮಲ್ಲಿಗೆ ರೇಟೂ ಇಳಿಯುತ್ತದೆ. ಅಷ್ಟರಲ್ಲಿ ಸೌತೆಯ ಒಣ ಬಳ್ಳಿ ಕಿತ್ತು, ನೀರು ನಿಲ್ಲದ ಹಾಗೆ ಮಣ್ಣು ಏರಿಸಿ, ಮುಳ್ಳುಸೌತೆ ಬೀಜ ಹಾಕಬೇಕು. ಮುಳ್ಳುಸೌತೆಯೂ ಬೆಳಗಿನ ಪಾಳಿಯದ್ದೇ. ಆದರೆ ಜಡಿಮಳೆಯಲ್ಲಿ ಮುಜಂಟಿ ಗೂಡು ಬಿಟ್ಟು ಹೊರಗೆ ಬರುವುದಿಲ್ಲ, ಕೊಡೆ ಹಿಡಿದು ನಾವೇ ಹೂ ಮುಟ್ಟಿಸಬೇಕು ಎಂಬುದು ಬೇರೆ ತಲೆಬಿಸಿ.